ಹಾಲು ಅಳೆದೆ, ಹುಲ್ಲು ತೂಗಲಿಲ್ಲ

ಗೆಜ್ಜಲಗೆರೆಯಲ್ಲಿ ಡೇರಿಯೇ ಇದೆ. ಹಾಲಿನ ಡಿಗ್ರಿ, ಫ್ಯಾಟು ನಮ್ಮ ಮಕ್ಕಳಿಗೂ ಗೊತ್ತು. ಹಾಲಿಗೆ ಅಷ್ಟು ಲೆಕ್ಕ ಇಡುತ್ತಿದ್ದ ನಾನು ಹುಲ್ಲನ್ನು ಮಾತ್ರ ಕಣ್ಣಳತೆಗೆ ಬಿಟ್ಟಿದ್ದೆ.

2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ. ಮರುಬೇಸಿಗೆಗೆ ನಾಲೆ ಒಣಗಿತು. ನಮ್ಮ ಹತ್ತು ಗುಂಟೆ ನೇಪಿಯರ್ ಬದುವಿನಿಂದ ಹಸಿರಾಗೇ ಕಾಣುತ್ತಿತ್ತು. ‘ನಲವತ್ತೈದು ದಿನಕ್ಕೆ ಯೋಚನೆಯಿಲ್ಲ ಅತ್ತಿಗೆ’ ಅಂದ ಮೈದುನ. ಒಮ್ಮೆ ಕೊಯ್ದು ತೂಗಿ ನೋಡಿ ಅಂತ ದನದ ಡಾಕ್ಟರು ಹೇಳಿದ್ದರು. ಹುಲ್ಲಿಗೂ ತಕ್ಕಡಿಯಾ ಅಂತ ನಕ್ಕಿದ್ದು ನಾನೇ.

ಇಪ್ಪತ್ತನೇ ದಿನಕ್ಕೆ ಬರೀ ಕೂಳೆ ಉಳಿಯಿತು. ಒಣಹುಲ್ಲು ಕೊಳ್ಳಲು ದುಡ್ಡಿರಲಿಲ್ಲ. ನೀರಿಲ್ಲದೆ ಮೊಣಕಾಲೆತ್ತರಕ್ಕೇ ನಿಂತಿದ್ದ ಜೋಳವನ್ನು ಮೈದುನ ಕೊಯ್ದು ತಂದ. ಹಸಿದಿದ್ದ ಹಸುಗಳು ಗಬಗಬ ತಿಂದವು. ಹಿಂಡಿ ನೆನೆಸಿ ಬರುವಷ್ಟರಲ್ಲಿ ಗೌರಿ ತೂರಾಡುತ್ತಿದ್ದಳು. ಬಾಯಲ್ಲಿ ನೊರೆ, ತಿದಿ ಒತ್ತಿದಂಥ ಉಸಿರು. ತುಟಿ ಎತ್ತಿ ನೋಡಿದೆ: ಒಸಡು ಕೆಂಡಗೆಂಪು. ಮುಂಗಾಲು ಮಡಿಸಿ ಕುಸಿದಳು. ಕತ್ತನ್ನು ತೊಡೆ ಮೇಲಿಟ್ಟುಕೊಂಡು ಫೋನ್ ಮಾಡುತ್ತಲೇ ಇದ್ದೆ. ಡಾಕ್ಟರು ಬಂದಾಗ ಅವಳ ಕಣ್ಣು ನಿಂತಿತ್ತು. ಪಕ್ಕದ ಹಸುವಿನ ನರಕ್ಕೆ ಸೋಡಿಯಂ ಥಯೋಸಲ್ಫೇಟ್ ಕೊಟ್ಟರು, ಅದು ಬದುಕಿತು. ನೀರು ಕಾಣದ ಎಳೆ ಜೋಳದಲ್ಲಿ ಸಯನೈಡ್ ವಿಷ ಹೆಚ್ಚಂತೆ. ಹೂ ಬರುವ ಮುಂಚೆ ಹಾಕಲೇಬೇಡಿ. ಕೊಯ್ದವನು ಮೈದುನ, ನಿಜ. ಆದರೆ ಬೇರೆ ಮೇವು ಇಲ್ಲದ ಹಾಗೆ ಮಾಡಿಟ್ಟವಳು ನಾನು.

ಈಗ ಬಿದಿರಿನ ಸೀಳಿನಲ್ಲಿ ಮೀಟರ್ ಉದ್ದ, ಮೀಟರ್ ಅಗಲದ ಚೌಕಟ್ಟು ಮಾಡಿಕೊಂಡಿದ್ದೇನೆ. ಬೆನ್ನ ಹಿಂದಕ್ಕೆ ಎಸೆಯಬೇಕು. ಕಣ್ಣಿಟ್ಟು ಹಾಕಿದರೆ ಕೈ ತಾನಾಗಿ ಸೊಂಪಾದ ಕಡೆಗೇ ಹೋಗುತ್ತದೆ. ನಾಲ್ಕು ಕಡೆ ಚೌಕಟ್ಟಿನೊಳಗಿನ ಹುಲ್ಲು ಕೊಯ್ದು, ಕೊಕ್ಕೆ ತಕ್ಕಡಿಗೆ ಹಾಕಿ, ಸರಾಸರಿ ತೆಗೆಯುತ್ತೇನೆ. ಗುಂಟೆಗೆ ಸುಮಾರು 101 ಚದರ ಮೀಟರ್. ಚೌಕಕ್ಕೆ 5 ಕೆಜಿ ಬಂದರೆ ಹತ್ತು ಗುಂಟೆಗೆ ಐದು ಟನ್. ಆಗ ನಮ್ಮಲ್ಲಿದ್ದ ಮೂರು ಹಸುಗಳಿಗೆ ದಿನಕ್ಕೆ 100 ಕೆಜಿಯಂತೆ ಐವತ್ತು ದಿನ. ಅಷ್ಟರಲ್ಲಿ ಮೊದಲು ಕೊಯ್ದ ಸಾಲು ಮತ್ತೆ ಕೊಯ್ಲಿಗೆ ಬಂದಿರುತ್ತದೆ. ಎರಡೇ ಕೆಜಿ ಬಂದರೆ ಇಪ್ಪತ್ತು ದಿನ. ಆ ಬೇಸಿಗೆಯಲ್ಲಿ ಆಗಿದ್ದು ಇದೇ, ನಾವು ಅಳೆದಿರಲಿಲ್ಲ ಅಷ್ಟೆ. ಅಳೆದಿದ್ದರೆ ಕೈಯಲ್ಲಿ ಇನ್ನೂ ಕಾಸಿದ್ದಾಗಲೇ ಒಂದು ಗಾಡಿ ಒಣಹುಲ್ಲು ತರಿಸಿ, ಕಬ್ಬು ಕಡಿಯುವ ಗದ್ದೆಯ ಸೋಗೆಗೆ ಹೇಳಿಡುತ್ತಿದ್ದೆ.

ತೂಕ ಬರೆಯುವುದು ಹಾಲಿನ ಲೆಕ್ಕದ ಪುಸ್ತಕದಲ್ಲೇ, ಹಿಂದಿನ ಪುಟಗಳಲ್ಲಿ. ಮೈದುನ ಇವತ್ತಿಗೂ ಬದುವಿನ ಮೇಲೆ ನಿಂತು ‘ಸಾಕಾಗ್ತದೆ ಬಿಡಿ’ ಅನ್ನುತ್ತಾನೆ. ಚೌಕಟ್ಟು ಅವನ ಕೈಗೇ ಕೊಡುತ್ತೇನೆ, ಎಸಿ ಅಂತ.