ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಡಿಸ್ಕ್

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಉಳಿತಾಯ, ಸಾಲ, ಬಡ್ಡಿ ಎಲ್ಲ ಲೆಕ್ಕವೂ ಅದರಲ್ಲೇ. ಗುಂಡಿ ಒತ್ತಿ, ಚಹಾ ಕಾಸಿ ಕುಡಿದು ಬಂದರೂ ಅದು ತೆರೆಯುತ್ತಿರಲಿಲ್ಲ. ಒಳಗಿಂದ ಕಟಕಟ ಸದ್ದು ಬೇರೆ.

ಪೇಟೆಯ ಅಂಗಡಿಗೆ ಒಯ್ದೆವು. ಅಂಗಡಿಯ ಹುಡುಗ ನೋಡಿದ. "ಫಾರ್ಮ್ಯಾಟ್ ಮಾಡಿಬಿಡ್ತೀನಿ ಬಿಡಿ, ಹೊಸದರ ಹಾಗಾಗುತ್ತೆ" ಅಂದ.

ಜೊತೆಗೆ ಬಂದಿದ್ದ ಅಕ್ಕ ಕೇಳಿದರು: "ಅಲ್ಲಪ್ಪಾ, ಒಳಗಿರೋ ನಮ್ಮ ಲೆಕ್ಕ ಏನಾಗ್ತದೆ?"

"ಅದೆಲ್ಲ ಅಳಿಸಿ ಹೋಗುತ್ತೆ, ಅಮ್ಮಾ."

ನಮ್ಮ ಎದೆ ಧಸಕ್ಕೆಂದಿತು. ಫಾರ್ಮ್ಯಾಟ್ ಅಂದರೆ ಸ್ಲೇಟು ಒರೆಸಿದ ಹಾಗೆ. ಆ ಅಕ್ಕ ಅಕ್ಷರ ಕಲಿತು ಒಂದೇ ವರ್ಷ. ಅವರು ಕೇಳದಿದ್ದರೆ, ಯಾರು ಎಷ್ಟು ಕಟ್ಟಿದ್ದಾರೆ ಎಂದು ತೋರಿಸಲು ನಮ್ಮಲ್ಲಿ ಏನೂ ಉಳಿಯುತ್ತಿರಲಿಲ್ಲ. ಲೆಕ್ಕದ ಪುಸ್ತಕ ಬರೆಯುವುದನ್ನು ನಾವು ಬಿಟ್ಟಿದ್ದೆವು. ಅದು ನಮ್ಮದೇ ತಪ್ಪು.

ಲೆಕ್ಕ, ಫೋಟೋ, ಪತ್ರ ಎಲ್ಲವೂ ಇರುವ ಪೆಟ್ಟಿಗೆಯೇ ಹಾರ್ಡ್ ಡಿಸ್ಕ್. ಅದರೊಳಗೆ ತಟ್ಟೆ ಇರುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಬೀಸುವ ಕಲ್ಲು ಸವೆಯುತ್ತದಲ್ಲ, ಹಾಗೆ ಇದೂ ಸವೆಯುತ್ತದೆ. ಕಟಕಟ ಅಂದರೆ ಡಿಸ್ಕ್ ಕೆಡುತ್ತಿರಬಹುದು. ಆಗ ತಡಮಾಡಬಾರದು. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ಭಾಗವೇ ಇಲ್ಲ. ಹಾಗಾಗಿ ಅದು ಬಹಳ ಬೇಗ ಕೆಲಸ ಮಾಡುತ್ತದೆ.

ಇನ್ನೊಂದು, ಆಪರೇಟಿಂಗ್ ಸಿಸ್ಟಂ. ಇದು ಮನೆ ನಡೆಸುವ ಯಜಮಾನಿಯ ಹಾಗೆ. ಯಾವ ಕೆಲಸ ಯಾವಾಗ ಎಂದು ಹೇಳುವುದು ಇದೇ. ನಮ್ಮದರಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಕಂಪನಿ ಅದರ ಮಾಮೂಲು ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದು ಕೇಳುವ ಟಿಪಿಎಂ 2.0 ಎಂಬ ಭದ್ರತೆಯ ಭಾಗ ನಮ್ಮ ಹಳೆಯ ಯಂತ್ರದಲ್ಲಿ ಇಲ್ಲ. ಅದಕ್ಕೆ ಲಿನಕ್ಸ್ ಮಿಂಟ್ ಹಾಕಿಸಿದೆವು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕನ್ನಡದಲ್ಲೂ ಬರೆಯಬಹುದು.

ಮೊದಲು ಲೆಕ್ಕವನ್ನು ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿಸಿದೆವು. ಬೇರೆ ಕಂಪ್ಯೂಟರಿನಲ್ಲಿ ತೆರೆದು, ಅಕ್ಕ ತಮ್ಮ ಹೆಸರಿನ ಸಾಲನ್ನು ತಾವೇ ಓದಿ ನೋಡಿದರು. ಸರಿಯಿತ್ತು. ಆಮೇಲೆಯೇ ಯಂತ್ರ ಬಿಚ್ಚಲು ಒಪ್ಪಿದೆವು. ನೋಡದೆ ನಂಬಿದರೆ ನಕಲು ಮಾಡಿಯೂ ಕೆಟ್ಟೆವು!

ಹುಡುಗ ಯಂತ್ರ ಆರಿಸಿದ, ಚಾರ್ಜರ್ ತೆಗೆದ, ಬ್ಯಾಟರಿ ಬಿಚ್ಚಿದ. ಸ್ಕ್ರೂ ತೆಗೆದು ಹಳೆಯ ಡಿಸ್ಕ್ ಹೊರಗೆಳೆದ. ಎರಡೂವರೆ ಇಂಚಿನ ಹೊಸ ಡಿಸ್ಕ್ ಅದೇ ಜಾಗದಲ್ಲಿ ಕೂತಿತು. ಇನ್ನೊಂದು ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಿದ. ಕೊನೆಗೆ ನಮ್ಮ ಲೆಕ್ಕವನ್ನು ವಾಪಸ್ ಹಾಕಿಸಿದೆವು.

ಹೊರಡುವಾಗ ಅಕ್ಕ ಹಳೆಯ ಡಿಸ್ಕ್ ಕೇಳಿದರು. "ಕೆಟ್ಟದ್ದು, ಅದ್ಯಾಕಮ್ಮಾ?" ಅಂದ ಹುಡುಗ.

"ನಮ್ಮ ಆಧಾರ್ ನಂಬರು, ಬ್ಯಾಂಕ್ ನಂಬರು ಅದರಲ್ಲೇ ಇಲ್ವೇನಪ್ಪಾ? ಕೊಡು ಇಲ್ಲಿ."

ಕೊಟ್ಟ. ಅದೀಗ ಸಂಘದ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಪಕ್ಕದಲ್ಲಿ ಹೊಸದೊಂದು ಲೆಕ್ಕದ ಪುಸ್ತಕವೂ ಇದೆ. ಪ್ರತಿ ವಾರ ಅದನ್ನು ಬರೆಯುವವರು ಆ ಅಕ್ಕನೇ.

ಓದಿ ಬರೆಯಿರಿ: ನಿಮ್ಮ ಸಂಘದ ಲೆಕ್ಕ ಎಲ್ಲೆಲ್ಲಿ ಬರೆದಿದೆ?