ಜಾತ್ರೆ, ರಂಜಾನ್, ಉದ್ಘಾಟನೆ: ಹೊಸ ಹೋಟೆಲ್ ಹೊಗುವವರಿಗೆ ಎಂಟು ಸೂತ್ರ

1992ರಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆಂದು ನ್ಯೂಯಾರ್ಕಿಗೆ ಮಂದಿ ಬಂದಿಳಿದಾಗ ಅಲ್ಲಿನ ದೊಡ್ಡ ಹೋಟೆಲುಗಳು ಮಧ್ಯಾಹ್ನದ ಊಟಕ್ಕೆ ಇಸವಿಯನ್ನೇ ಬೆಲೆ ಮಾಡಿದವು: 19 ಡಾಲರ್ 92 ಸೆಂಟ್. ಮಾಮೂಲಿ ದಿನಗಳಲ್ಲಿ ಆ ಬಾಗಿಲ ಹತ್ತಿರವೂ ಸುಳಿಯದವರು ಒಳಗೆ ಹೋಗಿ ಕುಳಿತರು. ರೆಸ್ಟೋರೆಂಟ್ ವೀಕ್ ಎಂಬ ಪದ್ಧತಿ ಶುರುವಾದದ್ದು ಹೀಗೆ. ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಅಂಥ ವಾರವನ್ನು ಯಾರೂ ಸಾರಬೇಕಿಲ್ಲ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಇದೆ. ಈಗಿನ ವರ್ಷಗಳಲ್ಲಿ ಅದರ ಬೆನ್ನಿಗೇ ರಂಜಾನ್ ತಿಂಗಳ ಸಂಜೆಗಳು. ಇವೆರಡರ ನಡುವೆ ಹೆದ್ದಾರಿ ಬದಿಯಲ್ಲಿ ಯಾವುದಾದರೊಂದು ಹೊಸ ಹೋಟೆಲಿನ ಉದ್ಘಾಟನೆ ಬ್ಯಾನರ್ ಇದ್ದೇ ಇರುತ್ತದೆ. ಆದರೂ ನಮ್ಮಲ್ಲಿ ಹೆಚ್ಚಿನವರು ದಿನಾ ತಿನ್ನುವುದನ್ನೇ ಹತ್ತು ರೂಪಾಯಿ ಕಡಿಮೆಗೆ ತಿಂದು ಮನೆಗೆ ಬರುತ್ತಾರೆ. ಹಾಗಾಗದಿರಲು ಇಷ್ಟು ಮಾಡಿ.

1. ಅಗ್ಗವಾದದ್ದನ್ನು ಬಿಟ್ಟು ತಿನ್ನದೇ ಇದ್ದದ್ದನ್ನು ಕೇಳಿ. ಬೆಲೆ ಇಳಿದಾಗ ಹೊಸದನ್ನು ತರಿಸುವ ಧೈರ್ಯ ಸುಲಭ. ಇಷ್ಟವಾಗದಿದ್ದರೆ ಕಳೆದುಕೊಳ್ಳುವುದೂ ಕಡಿಮೆ. ಇಡ್ಲಿ-ವಡೆ ಎಲ್ಲಿಗೂ ಓಡಿಹೋಗುವುದಿಲ್ಲ.

2. ಉದ್ಘಾಟನೆಯ ದಿನ ಹೋಗಬೇಡಿ. 2023ರ ಜೂನ್‌ನಲ್ಲಿ ತೆಲಂಗಾಣದ ಕರೀಂನಗರದಲ್ಲಿ ಹೊಸ ಹೋಟೆಲೊಂದು ಒಂದು ರೂಪಾಯಿಯ ನೋಟು ತಂದವರಿಗೆ ಬಿರಿಯಾನಿ ಎಂದು ಸಾರಿತು. ಮಂದಿ ಮುಗಿಬಿದ್ದರು, ರಸ್ತೆ ಕಟ್ಟಿಹೋಯಿತು, ಪೊಲೀಸರು ಬಂದು ಬಾಗಿಲು ಹಾಕಿಸಬೇಕಾಯಿತು. ಅಷ್ಟು ದೊಡ್ಡ ಗದ್ದಲ ಇಲ್ಲದಿದ್ದರೂ ಮೊದಲ ದಿನದ ಅಡುಗೆ ಮನೆ ತನ್ನ ಹಿಡಿತದಲ್ಲಿ ಇರುವುದಿಲ್ಲ. ಅಕ್ಕಿ ಅರ್ಧ ಬೆಂದಿರುತ್ತದೆ, ಬಡಿಸುವವನಿಗೆ ಟೇಬಲ್ಲುಗಳೇ ಗುರುತಾಗಿರುವುದಿಲ್ಲ. ಎರಡು ವಾರ ಬಿಟ್ಟು, ವಾರದ ನಡುವಿನ ದಿನ ಹೋಗಿ. ಆಫರ್ ಮುಗಿದಿದ್ದರೂ ಚಿಂತೆಯಿಲ್ಲ.

3. ಬೋರ್ಡಿನ ಮೇಲಿನ ದೂರದ ಊರನ್ನು ನಂಬಬೇಡಿ. ನಮ್ಮ ಹೆದ್ದಾರಿಯಲ್ಲಿ 'ಹೈದರಾಬಾದಿ ಬಿರಿಯಾನಿ' ಎಂದು ಬರೆಯದ ಹೋಟೆಲ್ ಹುಡುಕಬೇಕು. ತಮಾಷೆ ಏನೆಂದರೆ, ಆ ಹೈದರಾಬಾದಿನ ಹಳೇ ಊರಿನಲ್ಲಿ ಬಡವರ ಬಿರಿಯಾನಿ ಎಂದು ಹೆಸರಾದ ಕಲ್ಯಾಣಿ ಬಿರಿಯಾನಿ ಹೋದದ್ದು ಇಲ್ಲಿಂದ. ಬಸವಕಲ್ಯಾಣದ ಕೋಟೆಯಲ್ಲಿ ಆಳುತ್ತಿದ್ದ ಕಲ್ಯಾಣಿ ನವಾಬರು ಹೈದರಾಬಾದಿಗೆ ಹೋಗಿ ನೆಲೆಸಿದಾಗ ಅವರ ದೇವಡಿಯ (ಮಹಲಿನ) ಅಡುಗೆ ಮನೆಯಿಂದ ಹೊರಬಿದ್ದ ಅಡುಗೆ ಅದು ಎನ್ನುತ್ತಾರೆ. ಎಮ್ಮೆ ಮಾಂಸದ ಸಣ್ಣ ತುಂಡು, ಟೊಮೆಟೊ, ಜೀರಿಗೆ, ಕೊತ್ತಂಬರಿ; ಕೇಸರಿಯ ಆಡಂಬರವಿಲ್ಲ. ತಿನ್ನುವವರು ಇಲ್ಲಿನ ಗಲ್ಲಿಗಳಲ್ಲಿ ಕೇಳಿ ನೋಡಲಿ, ತಿನ್ನದವರು ಆರ್ಡರ್ ಮಾಡುವ ಮೊದಲೇ ಯಾವ ಮಾಂಸ ಎಂದು ಕೇಳಲಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಲ್ಲ ಹೊಸ ಹೋಟೆಲಿಗೂ ಹೊಂದುವ ಪ್ರಶ್ನೆ ಇನ್ನೊಂದಿದೆ: "ನಿಮ್ಮ ಮನೇಲಿ ಏನು ಮಾಡ್ತೀರಿ, ಅದು ಇಲ್ಲಿ ಸಿಗ್ತದೇನು?" ಮಾಲೀಕರ ಮುಖ ಅರಳಿದರೆ ಅದನ್ನೇ ತರಿಸಿ.

4. ಹಲೀಮಿಗೆ ಹೊತ್ತು ನೋಡಿ ಹೋಗಿ. ರೋಜಾ ಬಿಡುವ ಹೊತ್ತಿಗೆ ಅಂಗಡಿ ಮುಂದೆ ನಿಂತು ನೂಕಾಡುವುದು ಚೆಂದವಲ್ಲ. ಬೆಳಗಿನಿಂದ ಹಸಿದವರ ಪಾಳಿ ಮೊದಲು. ರಾತ್ರಿಯ ತರಾವೀಹ್ ನಮಾಜಿನ ಹೊತ್ತಿಗೆ ಗದ್ದಲ ಇಳಿಯುತ್ತದೆ, ಭಟ್ಟಿಯ ಮುಂದೆ ನಿಂತು ನೋಡಲು ಪುರಸೊತ್ತು ಸಿಗುತ್ತದೆ. ನೋಡಲೇಬೇಕು ಕೂಡ. ಗೋಧಿ, ಬೇಳೆ, ಮಾಂಸ ಮೂರೂ ಬೇರೆ ಬೇರೆ ಎಂದು ಗೊತ್ತಾಗದಷ್ಟು ಬೆಂದು, ಕುಟ್ಟಿಸಿಕೊಂಡು ಒಂದಾಗಿರಬೇಕು. ಹೈದರಾಬಾದಿ ಹಲೀಮಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದಕ್ಕೆ ಇಟ್ಟುಕೊಂಡ ಅಳತೆ ತಾಮ್ರದ ಹಂಡೆ, ಸೌದೆಯ ಉರಿ, 12 ಗಂಟೆಯ ಬೇಯುವಿಕೆ. ಹುಮನಾಬಾದಿನಲ್ಲಿ ಅಷ್ಟನ್ನೂ ನಿರೀಕ್ಷಿಸಬೇಡಿ, ಆದರೆ ಸೌಟಿನಿಂದ ಎತ್ತಿದಾಗ ಎಳೆ ಎಳೆಯಾಗಿ ನಿಧಾನಕ್ಕೆ ಇಳಿಯುತ್ತಿದೆಯೇ ನೋಡಿ. ನೀರಿನಂತೆ ಸುರಿದರೆ ಮಂದಿ ಹೆಚ್ಚಾದಂತೆ ಹಂಡೆಗೂ ನೀರು ಹೆಚ್ಚಾಗಿದೆ ಎಂದೇ ಅರ್ಥ. ಮೊದಲ ಸಲವಾದರೆ ಒಂದು ಪ್ಲೇಟಿಗೆ ಇಬ್ಬರು ಸಾಕು. ಹಲೀಮ್ ಹೊಟ್ಟೆಯಲ್ಲಿ ಬಹಳ ಹೊತ್ತು ಕುಳಿತಿರುತ್ತದೆ.

5. ಜಾತ್ರೆಯಲ್ಲಿ ಬಾಣಲೆ ನೋಡಿ, ಆಮೇಲೆ ಮಿರ್ಚಿ ಭಜಿ. ಎಣ್ಣೆ ಕಪ್ಪಾಗಿ, ನೊರೆ ಕಟ್ಟಿ, ಉರಿ ಸಣ್ಣದಿದ್ದರೂ ಹೊಗೆ ಬಿಡುತ್ತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಕರಿದ ಎಣ್ಣೆ ಕೆಟ್ಟಿದೆಯೇ ಎಂದು ಅಳೆಯಲು 'ಒಟ್ಟು ಪೋಲಾರ್ ಸಂಯುಕ್ತ' ಎಂಬ ಲೆಕ್ಕವಿದೆ. ಅದು ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಜಾತ್ರೆಯ ಅಂಗಡಿಯಲ್ಲಿ ಅದನ್ನು ಅಳೆಯುವ ಯಂತ್ರ ಎಲ್ಲಿಂದ ಬರಬೇಕು? ನಿಮ್ಮ ಕಣ್ಣು, ಮೂಗೇ ಯಂತ್ರ. ಕರಿದದ್ದು ಬೇಡವೆನಿಸಿದರೆ ಆ ಕಾಲಕ್ಕೆ ಎಳೆ ಜೋಳದ ಸೀತನಿ ಬಂದಿರುತ್ತದೆ, ಹಸಿ ಕಡಲೆ ಗಿಡ ಬಂದಿರುತ್ತದೆ.

6. ಲಾರಿ ನಿಂತಲ್ಲೆಲ್ಲ ರುಚಿ ಇರುವುದಿಲ್ಲ. "ಡ್ರೈವರುಗಳು ಉಣ್ಣುವ ಧಾಬಾ ಚೆನ್ನಾಗಿರುತ್ತೆ" ಎಂಬುದು ಹಳೇ ನಂಬಿಕೆ. ಲಾರಿ ಮಾಲೀಕರಿಂದಲೇ ತುಂಬಿದ ಬಸವಕಲ್ಯಾಣದವರಿಗೆ ಒಳಗಿನ ಸತ್ಯ ಗೊತ್ತು. ವಿಶಾಲ ಜಾಗ, ಸ್ನಾನಕ್ಕೆ ನೀರು, ಮಲಗಲು ಹೊರಸು ಇದ್ದಲ್ಲಿ ಲಾರಿ ನಿಲ್ಲುತ್ತದೆ, ಊಟ ಆಮೇಲಿನ ಮಾತು. ಸಸ್ತಾಪುರ ಬಂಗ್ಲಾ ಕಡೆಯ ಧಾಬಾಗಳಲ್ಲಿ ಬಣ್ಣದ ಪನೀರ್ ಬಿಟ್ಟು ದಾಲ್ ಮತ್ತು ರೋಟಿ ತರಿಸಿ. ಅವೆರಡು ಸರಿಯಿದ್ದರೆ ಮಿಕ್ಕದ್ದರ ಯೋಚನೆ. ಖಾನಾವಳಿಯಾದರೆ ಇನ್ನೂ ಸುಲಭ: ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಬೇಕು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಅಲ್ಲಿ ಕುಳಿತು ಗೋಬಿ ಮಂಚೂರಿ ಕೇಳುವವರಿಗೆ ಯಾವ ಸೂತ್ರವೂ ಉಪಯೋಗಕ್ಕೆ ಬಾರದು.

7. ಬಿಲ್ ಓದಿ. 'ಒಂದಕ್ಕೆ ಒಂದು ಉಚಿತ' ಎಂದರೆ ಹಾಫೋ ಫುಲ್ಲೋ, ಪಾರ್ಸೆಲ್ಲಿಗೂ ಇದೆಯೋ ಎಂಬುದನ್ನು ಕುಳಿತುಕೊಳ್ಳುವ ಮೊದಲೇ ಕೇಳಿ. ಜಿಎಸ್‌ಟಿಯ ಕಾಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲು ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡುವಂತಿಲ್ಲ. ಸರ್ವಿಸ್ ಚಾರ್ಜ್ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಮಾತು ಬೆಳೆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಹತ್ತು ರೂಪಾಯಿಗಾಗಿ ಟೇಬಲ್ ಒರೆಸುವ ಹುಡುಗನ ಮೇಲೆ ಕೂಗಾಡಬೇಡಿ. ಬಿಲ್ ಬರೆದವನು ಅವನಲ್ಲ.

8. ಒಂದು ಹೊತ್ತು ಮಾಣಿಕ ನಗರಕ್ಕೆ ಇಟ್ಟುಕೊಳ್ಳಿ. ಹುಮನಾಬಾದಿಗೆ ಹೊಂದಿಕೊಂಡೇ ಇದೆ. ಬಸವಕಲ್ಯಾಣ ತಾಲೂಕಿನ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳ ಸಂಸ್ಥಾನ ಅದು. ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯ ಅವರದು. ದತ್ತ ಜಯಂತಿಯ ಆಸುಪಾಸಿನ ಉತ್ಸವಕ್ಕೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಮಂದಿ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಪ್ರಸಾದಕ್ಕೆ ಮೆನು ಇಲ್ಲ, ದರಪಟ್ಟಿ ಇಲ್ಲ, ಹಿಂದಿನ ಏಳು ಸೂತ್ರಗಳಲ್ಲಿ ಒಂದೂ ನಡೆಯುವುದಿಲ್ಲ. ಬಡಿಸಿದ್ದನ್ನು ಉಣ್ಣಿ, ತಟ್ಟೆಯಲ್ಲಿ ಬಿಡಬೇಡಿ, ಪಕ್ಕದವರು ಯಾವ ಊರಿನವರೆಂದು ಕೇಳಿ. ಅವರ ಊರಿನಲ್ಲಿ ಎಲ್ಲಿ ಉಣ್ಣಬೇಕು ಎಂಬುದೂ ಅಲ್ಲೇ ಗೊತ್ತಾಗುತ್ತದೆ.