ಓದಿಸುವ ಪಿರಿಯಡ್‌ನಲ್ಲೇ ಜಗಳವೇಕೆ?

ಪ್ರಶ್ನೆ: ನನ್ನ ಮಗ ನಾಲ್ಕನೇ ಕ್ಲಾಸು. ಖುಷಿಯಿಂದ ಶಾಲೆಗೆ ಹೋಗುತ್ತಿದ್ದವನ ಮೇಲೆ ಈ ವರ್ಷ ದೂರೋ ದೂರು: ಜೊತೆಯವರಿಗೆ ಹೊಡೆಯುತ್ತಾನೆ, ತಳ್ಳುತ್ತಾನೆ. ಹೆಚ್ಚಾಗಿ ಓದಿಸುವ ಪಿರಿಯಡ್‌ನಲ್ಲೇ ಜಗಳ. ಟೀಚರ್ ಹೊರಗೆ ನಿಲ್ಲಿಸುತ್ತಾರೆ. ಬೆಳಿಗ್ಗೆಯಾದರೆ ಹೊಟ್ಟೆನೋವು ಅಂತಾನೆ. ‘ನಾಲ್ಕು ಬಾರಿಸಿದರೆ ಸರಿಹೋಗ್ತಾನೆ’ ಅಂತಾರೆ ನಮ್ಮ ಮನೆಯವರು. ಏನು ಮಾಡಲಿ ಮೇಡಂ?
– ಹೆಸರು ಬೇಡ, ದಾವಣಗೆರೆ

ಉತ್ತರ: ಜಗಳ ಓದಿಸುವ ಹೊತ್ತಿಗೇ ಆಗುತ್ತಿದೆ ಎಂದು ಬರೆದಿದ್ದೀರಲ್ಲ ತಾಯಿ, ಅಲ್ಲಿಂದಲೇ ಶುರುಮಾಡೋಣ. ಎಲ್ಲರೆದುರು ತಡವರಿಸಿ ನಗೆಪಾಟಲಾಗುವುದಕ್ಕಿಂತ ಪಕ್ಕದವನನ್ನು ತಳ್ಳಿ ಹೊರಗೆ ನಿಲ್ಲುವುದೇ ಅವನಿಗೆ ವಾಸಿ ಎನಿಸಿರಬಹುದು. ಹಾಗಿದ್ದರೆ ಟೀಚರ್ ಕೊಟ್ಟ ಶಿಕ್ಷೆಯೇ ಅವನಿಗೆ ಬಿಡುಗಡೆ. ಹೊರಗೆ ನಿಂತಷ್ಟೂ ಪಾಠ ತಪ್ಪುತ್ತದೆ, ಓದು ಕಷ್ಟವಾಗುತ್ತದೆ, ಸಿಟ್ಟು ಬೆಳೆಯುತ್ತದೆ. ಜೊತೆಗಾರರೂ ದೂರವಾಗುತ್ತಾರೆ. ಆಮೇಲೆ ಯಾರದೋ ಭುಜ ಅರಿಯದೆ ತಾಗಿದರೂ ‘ಬೇಕಂತಲೇ ಮಾಡಿದ’ ಅನಿಸಿ ಕೈ ಎತ್ತುತ್ತಾನೆ. ಹೊಡೆಯುವ ಮಕ್ಕಳಲ್ಲಿ ಈ ತಪ್ಪು ಎಣಿಕೆ ಹೆಚ್ಚೆಂದು ಅಮೆರಿಕದ ಮನಃಶಾಸ್ತ್ರಜ್ಞ ಕೆನೆತ್ ಡಾಡ್ಜ್ 1980ರಿಂದಲೂ ತೋರಿಸುತ್ತ ಬಂದಿದ್ದಾರೆ.

ಬಾರಿಸುವುದು ಖಂಡಿತ ಬೇಡ. ಏಟು ತಿಂದ ಮಗು ಏಟನ್ನೇ ಕಲಿಯುತ್ತದೆ. ಶಾಲೆಯಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಎರಡನೇ ಕ್ಲಾಸಿನ ಪುಸ್ತಕ ಕೊಟ್ಟು, ಬೇರೆ ಯಾರೂ ಇಲ್ಲದಾಗ ಓದಿಸಿ. ಅದರಲ್ಲೂ ಅಕ್ಷರ ಜೋಡಿಸಲು ಒದ್ದಾಡಿದರೆ ಕಲಿಕಾ ನ್ಯೂನತೆ ಇದೆಯೇ ಎಂದು ಮಕ್ಕಳ ಮನಃಶಾಸ್ತ್ರಜ್ಞರಲ್ಲಿ ತೋರಿಸಿ. ಯಾರಾದರೂ ಅವನನ್ನೇ ಕಾಡುತ್ತಿದ್ದಾರೆಯೇ ಎಂಬುದನ್ನೂ ಮೆಲ್ಲಗೆ ಕೇಳಿ ತಿಳಿಯಿರಿ.

ಆಮೇಲೆ ಟೀಚರ್ ಹತ್ತಿರ ಕೂತು ಮಾತಾಡಿ. ದೂರಲು ಹೋಗಬೇಡಿ, ಸಹಾಯ ಕೇಳಲು ಹೋಗಿ. ನಾಳೆ ಓದಬೇಕಾದ ನಾಲ್ಕು ಸಾಲನ್ನು ಇವತ್ತೇ ಹೇಳಿಕಳಿಸಲಿ, ಮನೆಯಲ್ಲಿ ನೀವು ಓದಿಸಿ. ಸಿಟ್ಟು ಏರಿದಾಗ ನೀರು ಕುಡಿದು ಮರಳಿ ತನ್ನ ಜಾಗಕ್ಕೇ ಬರಲಿ. ನೋಟ್‌ಬುಕ್ ಹಂಚುವಂಥ ಒಂದು ಕೆಲಸ ಅವನದಾಗಲಿ. ‘ಈ ಕ್ಲಾಸಿಗೆ ನಾನೂ ಬೇಕು’ ಅನಿಸಿದ ಮಗುವಿಗೆ ಅದನ್ನು ಕೆಡಿಸುವ ಮನಸ್ಸು ಕಡಿಮೆಯಾಗುತ್ತದೆ.

ಪೆಟ್ಟು ತಿಂದ ಮಗುವನ್ನು ಮರೆಯಬೇಡಿ. ನಿಮ್ಮ ಮಗನೇ ಹೋಗಿ ಕ್ಷಮೆ ಕೇಳಲಿ, ಜಗಳದಲ್ಲಿ ಪುಸ್ತಕ ಹರಿದಿದ್ದರೆ ತಾನೇ ರಟ್ಟು ಹಾಕಿಕೊಡಲಿ.

ಇಷ್ಟಾದರೂ ಬದಲಾವಣೆ ಕಾಣದಿದ್ದರೆ ತಡಮಾಡದೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.